ಲ್ಯಾಬ್ ಮತ್ತು ವಾರ್ಡ್ ನಡುವಿನ ದಾರಿ: ಎಂಬಿಬಿಎಸ್‌ನಲ್ಲಿ ಬೇಸಿಕ್ ಸೈನ್ಸ್ ಮತ್ತು ಕ್ಲಿನಿಕಲ್ ಪಾಠ ಜೋಡಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಫಿಸಿಯಾಲಜಿ ಪಾಠ ಮಾಡುವವಳು. ಪ್ರತಿ ವರ್ಷ ಹೊಸ ಬ್ಯಾಚ್ ಬಂದಾಗ ಮಕ್ಕಳು, ಅವರ ಅಪ್ಪ ಅಮ್ಮ, ಹೊಸದಾಗಿ ಕೆಲಸಕ್ಕೆ ಸೇರಿದ ಟೀಚರ್‌ಗಳು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಕಾರಿಡಾರಿನಲ್ಲಿ ನಿಂತು ಒಬ್ಬೊಬ್ಬರಿಗೆ ಹೇಳಿದ್ದನ್ನು ಇಲ್ಲಿ ಒಂದೇ ಕಡೆ ಬರೆದಿಟ್ಟಿದ್ದೇನೆ.

ಬೇಸಿಕ್ ಸೈನ್ಸ್ ಯಾವುದು, ಕ್ಲಿನಿಕಲ್ ಯಾವುದು?

ಮೊದಲ ವರ್ಷದ ಅನಾಟಮಿ (ದೇಹದ ರಚನೆ), ಫಿಸಿಯಾಲಜಿ (ದೇಹ ಕೆಲಸ ಮಾಡುವ ರೀತಿ), ಬಯೋಕೆಮಿಸ್ಟ್ರಿ (ದೇಹದ ರಸಾಯನಶಾಸ್ತ್ರ) ಬೇಸಿಕ್ ಸೈನ್ಸ್. ಕಾಲೇಜಿನಲ್ಲಿ ಇವನ್ನು ಪ್ರಿ-ಕ್ಲಿನಿಕಲ್ ಅಂತಾರೆ. ಆಮೇಲೆ ಬರುವ ಪೆಥಾಲಜಿ (ರೋಗಶಾಸ್ತ್ರ), ಮೈಕ್ರೋಬಯಾಲಜಿ (ರೋಗಾಣುಗಳ ಪಾಠ), ಫಾರ್ಮಕಾಲಜಿ (ಔಷಧಿಗಳ ಪಾಠ) ಪ್ಯಾರಾ-ಕ್ಲಿನಿಕಲ್. ಮೆಡಿಸಿನ್, ಸರ್ಜರಿ, ಹೆರಿಗೆ, ಮಕ್ಕಳ ವಿಭಾಗ ಇವೆಲ್ಲ ಕ್ಲಿನಿಕಲ್. ರೋಗಿಯ ಹಾಸಿಗೆ ಪಕ್ಕ ನಿಂತು ಕಲಿಯುವ ವಿಷಯಗಳು ಇವು.

ಇವನ್ನು ಮೊದಲು ಬೇರೆ ಮಾಡಿದ್ದಾದರೂ ಯಾಕೆ?

ಅದಕ್ಕೆ ಒಳ್ಳೆಯ ಕಾರಣವೇ ಇತ್ತು. 1910ರಲ್ಲಿ ಅಮೆರಿಕದಲ್ಲಿ ಏಬ್ರಹಾಂ ಫ್ಲೆಕ್ಸ್‌ನರ್ ಒಂದು ವರದಿ ಬರೆದರು. ಅವರು ಡಾಕ್ಟರ್ ಅಲ್ಲ, ಶಾಲೆ ನಡೆಸಿದ್ದ ಮೇಷ್ಟ್ರು. ಅಮೆರಿಕ ಮತ್ತು ಕೆನಡಾದ 155 ವೈದ್ಯಕೀಯ ಶಾಲೆಗಳ ಸ್ಥಿತಿ ಆ ವರದಿಯಲ್ಲಿದೆ. ಎಷ್ಟೋ ಶಾಲೆಗಳಲ್ಲಿ ಲ್ಯಾಬೇ ಇರಲಿಲ್ಲ. ದುಡ್ಡು ಕೊಟ್ಟವರಿಗೆ ಡಿಗ್ರಿ ಸಿಗುತ್ತಿತ್ತು. ಮೊದಲ ಎರಡು ವರ್ಷ ಲ್ಯಾಬಿನಲ್ಲಿ ವಿಜ್ಞಾನ, ಕೊನೆಯ ಎರಡು ವರ್ಷ ಆಸ್ಪತ್ರೆಯಲ್ಲಿ ಕಲಿಕೆ ಅನ್ನುವ ಮಾದರಿ ಆ ವರದಿಯ ನಂತರ ಗಟ್ಟಿಯಾಗಿ ಬೇರೂರಿತು.

ಆ ಕಾಲಕ್ಕೆ ಅದು ದೊಡ್ಡ ಉಪಕಾರ. ತೊಂದರೆ ಶುರುವಾಗಿದ್ದು ನಂತರ. ಎರಡರ ಮಧ್ಯೆ ಗೋಡೆ ಎದ್ದಿತು. ಮೊದಲ ವರ್ಷ ಓದಿದ್ದನ್ನು ಪರೀಕ್ಷೆ ಮುಗಿದ ಮಾರನೇ ದಿನ ಮರೆಯುವುದು, ವಾರ್ಡಿಗೆ ಹೋದಾಗ ಮತ್ತೆ ಸೊನ್ನೆಯಿಂದ ಶುರು ಮಾಡುವುದು ರೂಢಿಯಾಯಿತು. ನಾನು ಓದಿದ್ದೂ ಹಾಗೇ. ಆಗ ನಮ್ಮಲ್ಲಿ ಮೊದಲ ಹಂತವೇ ಒಂದೂವರೆ ವರ್ಷ. ಅಷ್ಟೂ ದಿನ ಆಸ್ಪತ್ರೆಯ ಗೇಟಿನ ಮುಂದೆ ಓಡಾಡಿದ್ದೇವೆ, ಒಳಗೆ ಒಬ್ಬ ರೋಗಿಯನ್ನೂ ಮಾತಾಡಿಸಲಿಲ್ಲ. 1997ರ ನಿಯಮಗಳಲ್ಲಿ ಆ ಹಂತ ಒಂದು ವರ್ಷಕ್ಕೆ ಇಳಿಯಿತು. ಆದರೆ ಗೋಡೆ ಇದ್ದಲ್ಲೇ ಇತ್ತು.

ಗೋಡೆ ಒಡೆಯಲು ಮೊದಲು ಪ್ರಯತ್ನ ಮಾಡಿದ್ದು ಯಾರು?

ಹೆಚ್ಚು ಹೆಸರಾದದ್ದು ಅಮೆರಿಕದ ಕ್ಲೀವ್‌ಲ್ಯಾಂಡ್‌ನ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯ. 1952ರಲ್ಲಿ ಅಲ್ಲಿ ಪಾಠವನ್ನು ವಿಭಾಗದ ಪ್ರಕಾರ ಹಂಚುವುದು ಬಿಟ್ಟು, ಅಂಗವ್ಯೂಹದ ಪ್ರಕಾರ ಜೋಡಿಸಿದರು. ಹೃದಯ ಅಂದರೆ ಅದರ ರಚನೆ, ಕೆಲಸ, ಕಾಯಿಲೆ, ಔಷಧಿ ಎಲ್ಲವೂ ಒಟ್ಟಿಗೆ. 1969ರಲ್ಲಿ ಕೆನಡಾದ ಮೆಕ್‌ಮಾಸ್ಟರ್‌ನಲ್ಲಿ ಇನ್ನೂ ಮುಂದೆ ಹೋದರು. ಅಲ್ಲಿ ರೋಗಿಯ ಸಮಸ್ಯೆಯೇ ಪಾಠದ ಆರಂಭ. ಚಿಕ್ಕ ಗುಂಪುಗಳಲ್ಲಿ ಕೂತು, ಸಮಸ್ಯೆ ಬಿಡಿಸುತ್ತಾ, ಬೇಕಾದ ವಿಜ್ಞಾನವನ್ನು ಹುಡುಕಿ ಕಲಿಯುವುದು.

ನಮ್ಮಲ್ಲಿ ಈಗ ನಿಯಮ ಏನು ಹೇಳುತ್ತದೆ?

2019ರಲ್ಲಿ ಸೇರಿದ ಬ್ಯಾಚಿನಿಂದ ಭಾರತೀಯ ವೈದ್ಯಕೀಯ ಮಂಡಳಿ (ಎಂಸಿಐ) ಹೊಸ ಪಠ್ಯಕ್ರಮ ತಂದಿತು. ಎಲ್ಲರೂ ಅದನ್ನು ಸಿಬಿಎಂಇ (ಸಾಮರ್ಥ್ಯ ಆಧಾರಿತ ವೈದ್ಯಕೀಯ ಶಿಕ್ಷಣ) ಅಂತ ಕರೆಯುತ್ತಾರೆ. 2020ರ ಸೆಪ್ಟೆಂಬರ್‌ನಲ್ಲಿ ಎಂಸಿಐ ಜಾಗಕ್ಕೆ ರಾಷ್ಟ್ರೀಯ ವೈದ್ಯಕೀಯ ಆಯೋಗ (ಎನ್‌ಎಂಸಿ) ಬಂತು, ಪಠ್ಯಕ್ರಮದ ಹಾದಿ ಅದೇ ಮುಂದುವರಿಯಿತು. ಮೊದಲ ವರ್ಷದಲ್ಲೇ ರೋಗಿಗಳ ಪರಿಚಯ ಆಗಬೇಕು. ಇದಕ್ಕೆ ಅರ್ಲಿ ಕ್ಲಿನಿಕಲ್ ಎಕ್ಸ್‌ಪೋಷರ್ ಅಂತ ಹೆಸರು, ಬಾಯಿಮಾತಿನಲ್ಲಿ ಇಸಿಇ. 2019ರಲ್ಲಿ ಅದಕ್ಕೆ 90 ಗಂಟೆ ಇಟ್ಟಿದ್ದರು. ಬರೀ ಲೆಕ್ಚರ್ ಒಟ್ಟು ಸಮಯದ ಮೂರನೇ ಒಂದು ಭಾಗ ಮೀರಬಾರದು ಅಂತಲೂ ಹೇಳಿದರು.

ಇನ್ನೆರಡು ಮಾತು ಕಿವಿಗೆ ಬೀಳುತ್ತಿರುತ್ತವೆ: ಹಾರಿಜಾಂಟಲ್ ಮತ್ತು ವರ್ಟಿಕಲ್ ಇಂಟಿಗ್ರೇಶನ್. ಒಂದೇ ವರ್ಷದ ವಿಷಯಗಳನ್ನು ಜೋಡಿಸಿದರೆ ಹಾರಿಜಾಂಟಲ್. ಕೆಳಗಿನ ವರ್ಷದ್ದನ್ನು ಮೇಲಿನ ವರ್ಷದ್ದಕ್ಕೆ ಜೋಡಿಸಿದರೆ ವರ್ಟಿಕಲ್. ಅಷ್ಟೇ.

ಮೊದಲ ವರ್ಷದಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋದರೆ ಆಯ್ತಲ್ವಾ? ಜೋಡಣೆ ತಾನಾಗೇ ಆಗುತ್ತೆ.

ಇಲ್ಲ, ಆಗಲ್ಲ. ನಾನು ಅತಿ ಹೆಚ್ಚು ಸಲ ಉತ್ತರ ಹೇಳಿರುವುದು ಈ ಪ್ರಶ್ನೆಗೇ.

ಟೈಮ್‌ಟೇಬಲ್‌ನಲ್ಲಿ ಎರಡೂ ಪಕ್ಕ ಪಕ್ಕ ಬಂದರೆ ವಿದ್ಯಾರ್ಥಿಯ ತಲೆಯೊಳಗೆ ಅವು ಸೇರಿಕೊಳ್ಳುತ್ತವೆ ಅನ್ನುವ ಖಾತ್ರಿ ಇಲ್ಲ. ಒಂದು ಕಾಲೇಜಿನಲ್ಲಿ ನಾನು ನೋಡಿದ್ದು ಹೇಳುತ್ತೇನೆ. ಐವತ್ತು ಮಕ್ಕಳನ್ನು ಮೆಡಿಸಿನ್ ವಾರ್ಡಿಗೆ ಕರೆದೊಯ್ದರು. ಕಾಮಾಲೆ ಆಗಿದ್ದ ಒಬ್ಬರ ಮುಂದೆ ನಿಲ್ಲಿಸಿ, ಕಣ್ಣು ಹಳದಿ ಆಗಿದೆ ನೋಡಿ ಅಂದರು. ಹಿಂದಿನ ಸಾಲಿನವರಿಗೆ ಕಣ್ಣೂ ಕಾಣಲಿಲ್ಲ. ಹತ್ತು ನಿಮಿಷಕ್ಕೆ ವಾಪಸ್. ರಿಜಿಸ್ಟರಿನಲ್ಲಿ ಒಂದು ಗಂಟೆ ಇಸಿಇ ಅಂತ ದಾಖಲಾಯಿತು. ಆ ಹಳದಿ ಬಣ್ಣ ಕೊಡುವ ಬಿಲಿರುಬಿನ್ ಎಲ್ಲಿ ಹುಟ್ಟುತ್ತೆ, ಅದು ಮೊದಲು ಕಣ್ಣಿನ ಬಿಳಿಯಲ್ಲೇ ಯಾಕೆ ಕಾಣುತ್ತೆ, ಆ ವ್ಯಕ್ತಿಯ ಮೂತ್ರ ಯಾಕೆ ಕಡು ಬಣ್ಣಕ್ಕೆ ತಿರುಗಿದೆ ಅಂತ ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಆ ಮಕ್ಕಳಿಗಾಗಿ, ಆ ರೋಗಿಗಾಗಿ ನನಗೆ ಇವತ್ತಿಗೂ ಬೇಜಾರಿದೆ.

ಟೊರೊಂಟೊದಲ್ಲಿ ದಂತವೈದ್ಯಕೀಯ ವಿದ್ಯಾರ್ಥಿಗಳಿಗೆ ಎಕ್ಸ್‌ರೇ ಓದುವುದನ್ನು ಎರಡು ರೀತಿ ಕಲಿಸಿ ನೋಡಿದ್ದಾರೆ. ಒಂದು ಗುಂಪಿಗೆ ಮೊದಲು ವಿಜ್ಞಾನ, ಆಮೇಲೆ ಪ್ರತ್ಯೇಕವಾಗಿ ಎಕ್ಸ್‌ರೇ ಲಕ್ಷಣಗಳು. ಇನ್ನೊಂದಕ್ಕೆ ಪ್ರತಿ ಲಕ್ಷಣದ ಜೊತೆಗೇ ಅದು ಯಾಕೆ ಹಾಗೆ ಕಾಣುತ್ತೆ ಅನ್ನುವ ಕಾರಣ. ಎರಡನೇ ಗುಂಪೇ ಕಾಯಿಲೆಗಳನ್ನು ಚೆನ್ನಾಗಿ ಗುರುತಿಸಿತು. ಕೆನಡಾದ ನಿಕೋಲ್ ವುಡ್ಸ್ ಮತ್ತು ಜೊತೆಗಾರರು 2005ರ ಸುಮಾರಿಗೆ ಇನ್ನೊಂದು ವಿಷಯ ತೋರಿಸಿದ್ದರು. ಲಕ್ಷಣಗಳ ಪಟ್ಟಿ ಕಲಿತವರೂ ಕಾರಣ ಸಮೇತ ಕಲಿತವರೂ ಕಲಿತ ಕೂಡಲೇ ಪರೀಕ್ಷೆ ಮಾಡಿದರೆ ಸರಿಸಮ. ಸ್ವಲ್ಪ ದಿನ ಬಿಟ್ಟು ಪರೀಕ್ಷೆ ಮಾಡಿದರೆ ಕಾರಣ ಕಲಿತವರು ಮುಂದೆ.

ಅಂದರೆ "ಯಾಕೆ" ಅನ್ನುವ ಕೊಂಡಿಯನ್ನು ಟೀಚರ್ ಬಾಯಿ ಬಿಟ್ಟು ಹೇಳಬೇಕು, ಅದೇ ಕ್ಲಾಸಿನಲ್ಲಿ, ಅದೇ ವಾಕ್ಯದಲ್ಲಿ. ಮಕ್ಕಳು ಆಮೇಲೆ ತಾವೇ ಜೋಡಿಸಿಕೊಳ್ಳುತ್ತಾರೆ ಅಂತ ಬಿಟ್ಟರೆ ಬಹಳಷ್ಟು ಮಂದಿ ಜೋಡಿಸಿಕೊಳ್ಳುವುದಿಲ್ಲ. ಅದು ಅವರ ತಪ್ಪಲ್ಲ.

ಒಂದು ಉದಾಹರಣೆ ಕೊಟ್ಟು ಹೇಳಿ.

ಹಾವು ಕಡಿತ ತೆಗೆದುಕೊಳ್ಳೋಣ. ನಮ್ಮ ರಾಜ್ಯದ ಯಾವ ತಾಲೂಕಿಗೆ ಹೋದರೂ ಇದು ಇದೆ. 2024ರಲ್ಲಿ ಕರ್ನಾಟಕ ಸರ್ಕಾರ ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು.

ರಾತ್ರಿ ಗದ್ದೆಗೆ ನೀರು ಬಿಡಲು ಹೋದವರಿಗೆ ಕಾಲಿಗೆ ಕಚ್ಚಿದೆ. ಯಾವ ಹಾವು, ಯಾರೂ ನೋಡಿಲ್ಲ. ಕ್ಯಾಶುವಾಲ್ಟಿಯಲ್ಲಿ ಮೊದಲು ಮಾಡುವ ಕೆಲಸಗಳಲ್ಲಿ ಒಂದು ತೀರಾ ಸರಳ. ಎರಡು ಮೂರು ಎಂಎಲ್ ರಕ್ತ ತೆಗೆದು ಶುದ್ಧವಾದ, ಒಣಗಿದ ಗಾಜಿನ ಟ್ಯೂಬಿಗೆ ಹಾಕಿ, 20 ನಿಮಿಷ ಅಲ್ಲಾಡಿಸದೆ ಇಡುವುದು. ಆಮೇಲೆ ಒಂದು ಸಲ ಓರೆ ಮಾಡಿ ನೋಡುವುದು. ಹೆಪ್ಪುಗಟ್ಟಿದ್ದರೆ ಒಂದು ದಾರಿ. ನೀರಿನ ಹಾಗೆ ಹರಿದರೆ ಮಂಡಲದ ಹಾವಿನ ವಿಷ ರಕ್ತಕ್ಕೆ ಇಳಿದಿದೆ ಅಂತ ಲೆಕ್ಕ.

ಗಾಜೇ ಯಾಕೆ? ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳಿಗೆ ಫ್ಯಾಕ್ಟರ್ ಅಂತಾರೆ; ಗಾಜಿನ ಮೈ ಅದರಲ್ಲಿ ಹನ್ನೆರಡನೆಯದನ್ನು ಎಬ್ಬಿಸುತ್ತದೆ. ಅಲ್ಲಿಂದ ಒಂದರ ಹಿಂದೆ ಒಂದು ಫ್ಯಾಕ್ಟರ್ ಎದ್ದು, ಕೊನೆಗೆ ಫೈಬ್ರಿನೋಜನ್ ಫೈಬ್ರಿನ್ ಆಗಿ ಬಲೆ ಹೆಣೆಯುತ್ತದೆ. ಮೊದಲ ವರ್ಷದ ಮಕ್ಕಳು ಬಾಯಿಪಾಠ ಮಾಡಿ ಬೆವರು ಹರಿಸುವ ಅದೇ ಚಾರ್ಟ್ ಇದು. ಪ್ಲಾಸ್ಟಿಕ್ ಟ್ಯೂಬು ಆ ಕೆಲಸವನ್ನು ಸರಿಯಾಗಿ ಮಾಡುವುದಿಲ್ಲ. ಸೋಪಿನ ಪುಡಿಯಲ್ಲಿ ತೊಳೆದ ಗಾಜೂ ಮಾಡುವುದಿಲ್ಲ. ಒಂದು ಆಸ್ಪತ್ರೆಯಲ್ಲಿ ಹೌಸ್ ಸರ್ಜನ್ ಹುಡುಗ ಅವಸರದಲ್ಲಿ ಕೈಗೆ ಸಿಕ್ಕಿದ ಪ್ಲಾಸ್ಟಿಕ್ ಟ್ಯೂಬಿನಲ್ಲಿ ರಕ್ತ ಇಟ್ಟ. 20 ನಿಮಿಷಕ್ಕೆ ಹೆಪ್ಪುಗಟ್ಟಲಿಲ್ಲ. ಆಂಟಿವೆನಮ್ (ಹಾವಿನ ವಿಷಕ್ಕೆ ಕೊಡುವ ಮದ್ದು) ಡ್ರಿಪ್‌ಗೆ ತಯಾರಿ ಆಗಿತ್ತು. ಡ್ಯೂಟಿಯಲ್ಲಿದ್ದ ಹಿರಿಯ ನರ್ಸ್ ಟ್ಯೂಬನ್ನು ಕೈಗೆತ್ತಿಕೊಂಡು, "ಇದು ಗಾಜಲ್ಲ" ಅಂದರು. ಮತ್ತೆ ಗಾಜಿನಲ್ಲಿ ಇಟ್ಟರು. ಗಟ್ಟಿಯಾಗಿ ಹೆಪ್ಪುಗಟ್ಟಿತು. ಆಂಟಿವೆನಮ್ ಜೀವ ಉಳಿಸುವ ಔಷಧಿ ನಿಜ. ಬೇಡದವರಿಗೆ ಕೊಟ್ಟು ಅಲರ್ಜಿ ಆದರೆ ಜೀವಕ್ಕೇ ಕುತ್ತು. ಆ ಹುಡುಗನಿಗೆ ಗಾಜು ಬೇಕು ಅನ್ನುವ ನಿಯಮ ಯಾರೋ ಹೇಳಿದ್ದರು, ಕಾರಣ ಹೇಳಿರಲಿಲ್ಲ. ಕಾರಣ ಗೊತ್ತಿಲ್ಲದ ನಿಯಮ ಅವಸರದಲ್ಲಿ ಮೊದಲು ಮರೆತುಹೋಗುತ್ತದೆ.

ಇನ್ನು ರಕ್ತ ಯಾಕೆ ಹೆಪ್ಪುಗಟ್ಟುವುದಿಲ್ಲ? ಕೊಳಕುಮಂಡಲದ ವಿಷ ಐದು ಮತ್ತು ಹತ್ತನೇ ಫ್ಯಾಕ್ಟರ್‌ಗಳನ್ನು ನೇರವಾಗಿ ಎಬ್ಬಿಸುತ್ತದೆ. ಮೈಯೆಲ್ಲ ಸಣ್ಣ ಸಣ್ಣ ಹೆಪ್ಪು. ಇದ್ದ ಫೈಬ್ರಿನೋಜನ್ ಎಲ್ಲ ಖರ್ಚಾಗುತ್ತದೆ. ಟ್ಯೂಬಿಗೆ ಬಂದ ರಕ್ತದಲ್ಲಿ ಬಲೆ ಹೆಣೆಯಲು ದಾರವೇ ಉಳಿದಿಲ್ಲ. ಇದನ್ನು ಹೇಳಿದ ದಿನ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: "ಮೇಡಂ, ಹಾಗಾದ್ರೆ ಅದು ಹೆಪ್ಪುಗಟ್ಟದೇ ಇರೋದು ಆಗ್ಲೇ ಹೆಪ್ಪುಗಟ್ಟಿ ಮುಗಿದಿರೋದ್ರಿಂದಾನಾ?" ಇಡೀ ಕ್ಲಾಸು ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ನಾನು ಆ ಚಾರ್ಟ್ ಬಾಯಿಪಾಠ ಮಾಡಿ ಅಂತ ಹೇಳಬೇಕಾಗಲಿಲ್ಲ.

ಆಂಟಿವೆನಮ್ ಕೊಟ್ಟ ಮೇಲೆ ಆರು ಗಂಟೆ ಬಿಟ್ಟು ಅದೇ ಪರೀಕ್ಷೆ ಮತ್ತೆ ಮಾಡುತ್ತಾರೆ. ಆರೇ ಗಂಟೆ ಯಾಕೆ? ಲಿವರ್‌ಗೆ ಹೊಸ ಫೈಬ್ರಿನೋಜನ್ ಮತ್ತು ಉಳಿದ ಫ್ಯಾಕ್ಟರ್‌ಗಳನ್ನು ತಯಾರಿಸಲು ಸುಮಾರು ಅಷ್ಟು ಹೊತ್ತು ಬೇಕು. ಒಂದು ಟ್ಯೂಬು ರಕ್ತ, ಅದರಲ್ಲಿ ಫಿಸಿಯಾಲಜಿ, ಬಯೋಕೆಮಿಸ್ಟ್ರಿ, ಪೆಥಾಲಜಿ, ಮೆಡಿಸಿನ್ ಎಲ್ಲ ಇದೆ.

ಎಲ್ಲ ಪಾಠಕ್ಕೂ ಇಂಥ ಉದಾಹರಣೆ ಸಿಗುತ್ತಾ?

ಎಲ್ಲಕ್ಕೂ ಇಲ್ಲ, ಜಾಸ್ತಿ ಪಾಠಗಳಿಗೆ ಸಿಗುತ್ತದೆ. ನರ ಮತ್ತು ಸ್ನಾಯು ಸೇರುವ ಜಾಗವನ್ನೇ ನೋಡಿ. ನಾಗರಹಾವಿನ ವಿಷ ಹೆಚ್ಚಾಗಿ ಸ್ನಾಯುವಿನ ಕಡೆಯ ರಿಸೆಪ್ಟರಿಗೆ (ನರದ ಸಂದೇಶ ಹಿಡಿಯುವ ಜಾಗಕ್ಕೆ) ಅಂಟಿಕೊಳ್ಳುತ್ತದೆ. ಕಟ್ಟು ಹಾವಿನ ವಿಷ ನರದ ತುದಿಯನ್ನೇ ಹಾಳು ಮಾಡುತ್ತದೆ. ಅದಕ್ಕೇ ನರದ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಅನ್ನು ಹೆಚ್ಚಿಸುವ ನಿಯೋಸ್ಟಿಗ್ಮಿನ್ ಕೊಟ್ಟರೆ ನಾಗರಹಾವು ಕಚ್ಚಿದವರ ಜೋತುಬಿದ್ದ ರೆಪ್ಪೆ ಮೇಲೇಳಬಹುದು, ಕಟ್ಟು ಹಾವು ಕಚ್ಚಿದವರಲ್ಲಿ ಅಷ್ಟು ಪ್ರಯೋಜನ ಕಾಣುವುದಿಲ್ಲ. ಅವರು ವೆಂಟಿಲೇಟರ್ ಮೇಲೆ ದಿನಗಟ್ಟಲೆ ಇರಬೇಕಾಗಬಹುದು, ನರದ ತುದಿ ಮತ್ತೆ ಚಿಗುರಬೇಕಲ್ಲ. ಬೆಳೆಗೆ ಹೊಡೆಯುವ ಔಷಧಿ ಕುಡಿದು ಬಂದವರಲ್ಲಿ ಅದೇ ಜಾಗದಲ್ಲಿ ಅಸಿಟೈಲ್‌ಕೋಲಿನ್ ಕರಗದೆ ತುಂಬಿಕೊಂಡಿರುತ್ತದೆ. ಒಂದೇ ಚಿತ್ರ ಬೋರ್ಡಿನ ಮೇಲೆ ಬರೆದು ಮೂರು ಹಾಸಿಗೆಯ ಕಥೆ ಹೇಳಬಹುದು.

ರಕ್ತಹೀನತೆ, ಸಕ್ಕರೆ ಕಾಯಿಲೆ, ಥೈರಾಯ್ಡ್, ಕ್ಷಯ ಇವೂ ಒಳ್ಳೆಯ ವಿಷಯಗಳು. ಭ್ರೂಣಶಾಸ್ತ್ರದ ಕೆಲವು ಪಾಠಗಳಿಗೆ, ಹಿಸ್ಟಾಲಜಿಯ (ಅಂಗಾಂಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪಾಠ) ಕೆಲವು ಸ್ಲೈಡುಗಳಿಗೆ ಬಲವಂತವಾಗಿ ರೋಗಿಯನ್ನು ಎಳೆದು ತರಬೇಡಿ. ಅವನ್ನು ನೇರವಾಗಿ ಕಲಿಸಿದರೆ ಸಾಕು.

ಹೀಗೆ ಮಾಡುತ್ತಾ ಹೋದರೆ ಬೇಸಿಕ್ ಸೈನ್ಸ್ ತೆಳುವಾಗಲ್ವಾ?

ಆಗಬಹುದು. ಈ ಭಯ ಸುಳ್ಳಲ್ಲ. ಮೆಕ್‌ಮಾಸ್ಟರ್ ಮಾದರಿಯಲ್ಲಿ ಓದಿದವರನ್ನೂ ಹಳೆಯ ಮಾದರಿಯ ಮೆಕ್‌ಗಿಲ್ ವಿದ್ಯಾರ್ಥಿಗಳನ್ನೂ ಹೋಲಿಸಿ ನೋಡಿದಾಗ, ಮೊದಲಿನವರು ರೋಗದ ವಿವರಣೆಯಲ್ಲಿ ವಿಜ್ಞಾನವನ್ನು ಹೆಚ್ಚು ಬಳಸುತ್ತಿದ್ದರು. ಅದರ ಜೊತೆಗೆ ತಪ್ಪುಗಳನ್ನೂ ಹೆಚ್ಚು ಮಾಡುತ್ತಿದ್ದರು. ಹಾಗಾಗಿ ಒಂದೊಂದು ಕೇಸಿನಿಂದ ಚೂರು ಚೂರು ವಿಜ್ಞಾನ ಕಲಿತರೆ ಸಾಲದು. ಆ್ಯಕ್ಷನ್ ಪೊಟೆನ್ಶಿಯಲ್ (ನರ, ಸ್ನಾಯುಗಳಲ್ಲಿ ಓಡುವ ವಿದ್ಯುತ್ ಸಂಕೇತ) ಅನ್ನು ಶುರುವಿನಿಂದ ಕೊನೆಯವರೆಗೆ ಕ್ರಮವಾಗಿ ಕಲಿಯಲೇಬೇಕು. ಹೃದಯದ ಸೈಕಲ್ ಅನ್ನು ಪೇಪರಿನ ಮೇಲೆ ಕೈಯಾರೆ ಬಿಡಿಸಲೇಬೇಕು. ಮೊದಲು ಗಟ್ಟಿ ಬುನಾದಿ, ಅದೇ ಕ್ಲಾಸಿನಲ್ಲಿ ಅದರ ಮೇಲೆ ಒಬ್ಬ ರೋಗಿ. ನನ್ನ ಅನುಭವದಲ್ಲಿ ಈ ಕ್ರಮ ಕೆಲಸ ಮಾಡಿದೆ.

ದೊಡ್ಡ ಡಾಕ್ಟರ್‌ಗಳು ವಾರ್ಡಿನಲ್ಲಿ ಕ್ರೆಬ್ಸ್ ಸೈಕಲ್ ನೆನೆಯುವುದೇ ಇಲ್ಲ. ಮತ್ತೆ ನಾವ್ಯಾಕೆ ಓದಬೇಕು?

ಕ್ರೆಬ್ಸ್ ಸೈಕಲ್ ಅಂದರೆ ಜೀವಕೋಶ ಆಹಾರದಿಂದ ಶಕ್ತಿ ಪಡೆಯುವ ರಾಸಾಯನಿಕ ಸರಣಿ. ಅದನ್ನು ನೆನೆಯುವುದಿಲ್ಲ ಅನ್ನುವುದು ನಿಜ. ನೆದರ್ಲ್ಯಾಂಡ್ಸ್‌ನ ಹೆಂಕ್ ಸ್ಮಿತ್ ಮತ್ತು ಹೆನ್ನಿ ಬೊಶುಯಿಜೆನ್ ಇದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಅನುಭವ ಬೆಳೆದ ಹಾಗೆ ವಿವರಗಳೆಲ್ಲ ಒಂದು ಪೊಟ್ಟಣದೊಳಗೆ ಮಡಚಿ ಕೂರುತ್ತವೆ ಅಂತ ಅವರು ಹೇಳಿದರು. ಅನುಭವಿ ಡಾಕ್ಟರ್ "ಸೆಪ್ಸಿಸ್" (ಸೋಂಕಿಗೆ ದೇಹ ವಿಪರೀತವಾಗಿ ಪ್ರತಿಕ್ರಿಯಿಸುವ ಸ್ಥಿತಿ) ಅನ್ನುವ ಒಂದು ಮಾತು ಹೇಳುತ್ತಾರೆ. ಆ ಮಾತಿನೊಳಗೆ ರಕ್ತನಾಳ ಹಿಗ್ಗುವುದು, ಬಿಪಿ ಬೀಳುವುದು, ಲ್ಯಾಕ್ಟೇಟ್ ಏರುವುದು ಎಲ್ಲ ಇದೆ. ಕೇಸು ಮಾಮೂಲಿ ಆಗಿದ್ದರೆ ಪೊಟ್ಟಣ ಬಿಚ್ಚುವ ಅಗತ್ಯ ಬರಲ್ಲ. ವಿಚಿತ್ರ ಕೇಸು ಬಂದಾಗ ಬಿಚ್ಚುತ್ತಾರೆ.

ಹಿಮೋಗ್ಲೋಬಿನ್ 6 ಗ್ರಾಂ ಇದ್ದರೂ ಬೆಳಗಿನಿಂದ ಕಳೆ ಕಿತ್ತು ಬಂದಿರುವ ಹೆಂಗಸನ್ನು ನಮ್ಮ ಓಪಿಡಿಯಲ್ಲಿ ನೋಡುತ್ತೇವೆ. ಅದೇ 6 ಗ್ರಾಂ, ಒಂದೇ ಗಂಟೆಯ ರಕ್ತಸ್ರಾವದಿಂದ ಬಂದಿದ್ದರೆ ಆಕೆ ಏಳಲಾರರು. ನಿಧಾನವಾಗಿ ಬಂದ ರಕ್ತಹೀನತೆಯಲ್ಲಿ ಕೆಂಪು ಕಣದೊಳಗೆ ಡಿಪಿಜಿ ಅನ್ನುವ ರಾಸಾಯನಿಕ ಏರುತ್ತದೆ, ಅದರಿಂದ ಹಿಮೋಗ್ಲೋಬಿನ್ ಆಕ್ಸಿಜನ್ ಅನ್ನು ಅಂಗಾಂಶಗಳಿಗೆ ಸಲೀಸಾಗಿ ಬಿಟ್ಟುಕೊಡುತ್ತದೆ. ಹೃದಯ ಹೆಚ್ಚು ರಕ್ತ ತಳ್ಳಲು ಒಗ್ಗಿಕೊಂಡಿರುತ್ತದೆ. ಇಷ್ಟು ಗೊತ್ತಿದ್ದವರು ಆಕೆಗೆ ಗಾಬರಿಯಿಂದ ಬಾಟಲಿ ಮೇಲೆ ಬಾಟಲಿ ರಕ್ತ ಏರಿಸುವುದಿಲ್ಲ. ಆಗಲೇ ದಣಿದ ಆ ಹೃದಯ ಅಷ್ಟು ಭಾರ ತಡೆಯದೆ ಸೋಲಬಹುದು ಅಂತ ಅವರಿಗೆ ಗೊತ್ತಿರುತ್ತದೆ.

ಫೈನಲ್ ಇಯರ್‌ಗೆ ಬಂದ ಮೇಲೆ ಬೇಸಿಕ್ ಸೈನ್ಸ್ ಮತ್ತೆ ಬರುತ್ತಾ?

ಬರಬೇಕು, ಬರುತ್ತಿಲ್ಲ. ರೋಗಿಯನ್ನು ಕೆಳಗಿನ ವರ್ಷಕ್ಕೆ ತಂದೆವು. ವಿಜ್ಞಾನವನ್ನು ಮೇಲಿನ ವರ್ಷಕ್ಕೆ ಒಯ್ಯುವ ಕೆಲಸ ಹಾಗೇ ಬಾಕಿ ಉಳಿದಿದೆ. ಕೇಸ್ ಪ್ರೆಸೆಂಟೇಶನ್ ಮಾಡುವಾಗ ಫಿಸಿಯಾಲಜಿಯವರೋ ಬಯೋಕೆಮಿಸ್ಟ್ರಿಯವರೋ ತಿಂಗಳಿಗೊಮ್ಮೆ ಪಕ್ಕದಲ್ಲಿ ನಿಂತರೂ ದೊಡ್ಡ ಬದಲಾವಣೆ ಆಗುತ್ತದೆ. ಒಂದು ವರ್ಷ ಮೆಡಿಸಿನ್ ಯೂನಿಟ್ ಒಂದರವರು ನನ್ನನ್ನು ರೌಂಡ್ಸ್‌ಗೆ ಕರೆದರು. ಸಕ್ಕರೆ ಕಾಯಿಲೆಯ ಅಜ್ಜ ಒಬ್ಬರು "ಪಾದ ಜೋಮು ಹಿಡಿಯುತ್ತೆ, ಕೈ ಚೆನ್ನಾಗೈತೆ" ಅಂದರು. ಪಾದವೇ ಮೊದಲು ಯಾಕೆ ಅಂತ ಕೇಳಿದೆ. ಎಲ್ಲರೂ ನೆಲ ನೋಡಿದರು. ಸೊಂಟದಿಂದ ಹೆಬ್ಬೆರಳಿನ ತನಕ ಒಂದೇ ನರತಂತು ಸುಮಾರು ಒಂದು ಮೀಟರ್ ಉದ್ದ. ಬೇಕಾದ ಸಾಮಗ್ರಿಯೆಲ್ಲ ಬೆನ್ನುಮೂಳೆಯ ಹತ್ತಿರ ಇರುವ ಜೀವಕೋಶದಿಂದ ಅಷ್ಟು ದೂರ ಸಾಗಬೇಕು. ಪೂರೈಕೆ ಕುಂದಿದರೆ ಮೊದಲು ಒಣಗುವುದು ಕಾಲುವೆಯ ಕೊನೆಯ ಗದ್ದೆ. ಇದನ್ನು ನಾನು ಹೇಳುತ್ತಿದ್ದಾಗ ಅಜ್ಜ ತಲೆ ಆಡಿಸಿದರು, ಅವರಿಗೂ ಅರ್ಥವಾಗಿತ್ತು.

ರೋಗಿಗಳಿಗೆ ಇದರಿಂದ ಕಿರಿಕಿರಿ ಅಲ್ವಾ?

ನಾವು ಎಚ್ಚರ ತಪ್ಪಿದರೆ ಖಂಡಿತ ಹೌದು. ಕೇಳದೆ ಮುಟ್ಟಬಾರದು. ಆರು ಎಂಟು ಜನಕ್ಕಿಂತ ಹೆಚ್ಚು ಮಂದಿ ಹಾಸಿಗೆ ಸುತ್ತ ನಿಲ್ಲಬಾರದು. ಅವರ ಕಾಯಿಲೆ ಬಗ್ಗೆ ಅವರೆದುರೇ ಇಂಗ್ಲಿಷಿನಲ್ಲಿ ಮಾತಾಡಿ ಹೊರಟುಬಿಡಬಾರದು.

ಇಲ್ಲಿ ಭಾಷೆ ಬಹಳ ಮುಖ್ಯ. ಹೊರ ರಾಜ್ಯಗಳಿಂದ ಬಂದ ಮಕ್ಕಳಿಗೆ ಫೌಂಡೇಶನ್ ಕೋರ್ಸಿನಲ್ಲಿ ಕನ್ನಡ ಕಲಿಸುತ್ತೇವೆ. "ಊಟ ಆಯ್ತಾ" ಕಲಿತರೆ ಸಾಕಾಗಲ್ಲ. "ಸುಸ್ತು", "ಏದುಸಿರು", "ಎದೆ ಉರಿ", "ತಲೆ ಸುತ್ತು", "ಜೋಮು" ಈ ಒಂದೊಂದು ಮಾತಿನ ಹಿಂದೆ ಒಂದೊಂದು ಫಿಸಿಯಾಲಜಿ ಪಾಠ ಇದೆ. ನಾನು ಈಗ ಪಾಠವನ್ನು ಆ ಮಾತಿನಿಂದಲೇ ಶುರು ಮಾಡುತ್ತೇನೆ.

ಬೇಸಿಕ್ ಸೈನ್ಸ್ ಟೀಚರ್‌ಗಳಲ್ಲಿ ಎಂಬಿಬಿಎಸ್ ಮಾಡದೆ ಎಂಎಸ್ಸಿ ಓದಿ ಬಂದವರೂ ಇದ್ದಾರೆ. ಅವರಿಂದ ಇದು ಆಗುತ್ತಾ?

ಆಗುತ್ತದೆ. ದೇಹದೊಳಗೆ ಯಾವುದು ಹೇಗೆ ನಡೆಯುತ್ತದೆ ಅನ್ನುವುದನ್ನು ಅವರಷ್ಟು ಚೆನ್ನಾಗಿ ಬಿಡಿಸಿ ಹೇಳುವವರನ್ನು ನಾನು ಕಡಿಮೆ ನೋಡಿದ್ದೇನೆ. ಬೇಕಾಗಿರುವುದು ಜೊತೆಗೆ ನಿಲ್ಲುವ ಒಬ್ಬ ಕ್ಲಿನಿಷಿಯನ್. ಹಾಗೆಯೇ ಕ್ಲಿನಿಷಿಯನ್‌ಗೂ ಅವರು ಬೇಕು.

ಪರೀಕ್ಷೆಯಲ್ಲಿ ಇದು ಬರಲ್ಲ. ಸುಮ್ನೆ ಯಾಕೆ ಸಮಯ ಹಾಕೋದು?

ಪ್ರಾಮಾಣಿಕ ಪ್ರಶ್ನೆ. ಪರೀಕ್ಷೆ ಬದಲಾಗದಿದ್ದರೆ ಪಾಠ ಬದಲಾಗಲ್ಲ, ಇದು ನನ್ನ ಗಟ್ಟಿ ಅಭಿಪ್ರಾಯ. ವೈವಾದಲ್ಲಿ "ಕ್ಲಾಟಿಂಗ್ ಫ್ಯಾಕ್ಟರ್‌ಗಳ ಹೆಸರು ಹೇಳು" ಅಂತ ಕೇಳಿದರೆ ಮಕ್ಕಳು ಹೆಸರೇ ಓದುತ್ತಾರೆ. "ಪ್ಲಾಸ್ಟಿಕ್ ಟ್ಯೂಬಿನಲ್ಲಿ ಇಟ್ಟಿದ್ದರೆ ಏನಾಗುತ್ತಿತ್ತು?" ಅಂತ ಕೇಳಿದರೆ ಬೇರೆ ಥರ ಓದುತ್ತಾರೆ. ಇಂಟರ್ನಲ್ಸ್ ಪ್ರಶ್ನೆಪತ್ರಿಕೆ ನಮ್ಮ ಕೈಯಲ್ಲೇ ಇದೆ, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಇನ್ನು ನೀಟ್ ಪಿಜಿಯಲ್ಲಿ ಬೇಸಿಕ್ ಸೈನ್ಸ್ ಪ್ರಶ್ನೆಗಳೂ ರೋಗಿಯ ಕಥೆಯ ರೂಪದಲ್ಲಿ ಬರುತ್ತವೆ. ಕಾರಣ ತಿಳಿದು ಓದಿದವರಿಗೆ ಅಲ್ಲಿ ನಷ್ಟವಿಲ್ಲ.

ನಮ್ಮ ಕಾಲೇಜಿನಲ್ಲಿ ಇದ್ಯಾವುದೂ ನಡೆಯುತ್ತಿಲ್ಲ. ನಾನು ಒಬ್ಬನೇ ಏನು ಮಾಡಲಿ?

ವಾರಕ್ಕೆ ಒಬ್ಬ ರೋಗಿ ಸಾಕು. ಪೋಸ್ಟಿಂಗ್‌ನಲ್ಲಿ ನೋಡಿದ ಒಂದು ಲಕ್ಷಣ ಬರೆದುಕೊಳ್ಳಿ. ಕೆಳಗೆ "ಯಾಕೆ" ಅಂತ ಬರೆಯಿರಿ. ಉತ್ತರ ಸಿಕ್ಕ ಮೇಲೆ ಅದಕ್ಕೂ ಮತ್ತೆ "ಯಾಕೆ" ಅಂತ ಕೇಳಿ. ಮೂರನೇ ಯಾಕೆ ಹೊತ್ತಿಗೆ ನೀವು ಮೊದಲ ವರ್ಷದ ಪುಸ್ತಕದ ಯಾವುದೋ ಪುಟ ತೆರೆದಿರುತ್ತೀರಿ. ಇನ್ನೂ ಮೊದಲ ವರ್ಷದಲ್ಲಿದ್ದರೆ ಉಲ್ಟಾ ಮಾಡಿ. ಇವತ್ತು ಓದಿದ್ದು ಕೆಟ್ಟರೆ ರೋಗಿ ಏನಂತ ಹೇಳಿಕೊಂಡು ಬರುತ್ತಾರೆ, ಅದನ್ನು ಕನ್ನಡದಲ್ಲಿ ಒಂದು ಸಾಲು ಬರೆಯಿರಿ.

ಪುಸ್ತಕಗಳನ್ನು ಮಾರಬೇಡಿ. ಮೊದಲ ವರ್ಷ ಮುಗಿದ ಕೂಡಲೇ ಜೂನಿಯರ್‌ಗಳಿಗೆ ಮಾರುವ ಅಭ್ಯಾಸ ಎಲ್ಲ ಹಾಸ್ಟೆಲ್‌ಗಳಲ್ಲೂ ಇದೆ. ಫಿಸಿಯಾಲಜಿ ಪುಸ್ತಕ ಇಂಟರ್ನ್‌ಶಿಪ್ ಮುಗಿಯುವ ತನಕ ನಿಮ್ಮ ಹತ್ತಿರವೇ ಇರಲಿ.

ನಾನು ಹೊಸ ಟೀಚರ್. ಬಜೆಟ್ ಇಲ್ಲ, ಜೊತೆಗೆ ಬರುವವರೂ ಇಲ್ಲ. ಎಲ್ಲಿಂದ ಶುರು ಮಾಡಲಿ?

ವರ್ಷಕ್ಕೆ ಆರು ವಿಷಯ ಆರಿಸಿ, ಅಷ್ಟೇ. ಮೊದಲ ವಿಷಯಕ್ಕೆ ಕ್ಲಿನಿಕಲ್ ವಿಭಾಗದ ಮುಖ್ಯಸ್ಥರಿಗೆ ಪತ್ರ ಬರೆಯುತ್ತಾ ಕೂರಬೇಡಿ. ಸಂಜೆ ವಾರ್ಡಿಗೆ ಹೋಗಿ ಅಲ್ಲಿನ ಪಿಜಿಯನ್ನು (ಎಂಬಿಬಿಎಸ್ ಮುಗಿಸಿ ಮುಂದೆ ಓದುತ್ತಿರುವ ಡಾಕ್ಟರನ್ನು) ಮಾತಾಡಿಸಿ. ಹದಿನೈದು ನಿಮಿಷ ನನ್ನ ಕ್ಲಾಸಿಗೆ ಬಂದು ನೀವು ಈ ವಾರ ನೋಡಿದ ಒಬ್ಬರ ಬಗ್ಗೆ ಹೇಳ್ತೀರಾ ಅಂತ ಕೇಳಿ. ಹೆಸರು ಗುರುತು ಹೇಳದೆ ಹೇಳಲಿ. ನಾನು ಕೇಳಿದ ಪಿಜಿಗಳಲ್ಲಿ ಹೆಚ್ಚಿನವರು ಒಪ್ಪಿದ್ದಾರೆ. ಅವರು ಬರುವ ಹಿಂದಿನ ದಿನ ಇಬ್ಬರೂ ಕೂತು ಒಂದೇ ಒಂದು "ಯಾಕೆ" ಆರಿಸಿಕೊಳ್ಳಿ. ಅವರು ಕಥೆಯನ್ನು ಆ ಯಾಕೆ ತನಕ ತಂದು ನಿಲ್ಲಿಸಲಿ. ಅಲ್ಲಿಂದ ಸೀಮೆಸುಣ್ಣ ನಿಮ್ಮ ಕೈಗೆ.